ಆಟಿಸಂ ಇರುವವರ ಪರ ದನಿ ಎತ್ತುವವರು ಯಾರು? ಸ್ವತಂತ್ರ ಅಡ್ವೊಕೆಸಿ ಎಂದರೇನು, ಕಾನೂನು ಏನು ಹೇಳುತ್ತದೆ? ಇಲ್ಲಿದೆ ಮಾಹಿತಿ

ಹೈದರಾಬಾದ್: ಹೈದರಾಬಾದ್ ಜಿಲ್ಲಾಧಿಕಾರಿ ಕಚೇರಿಗೆ ಜನ ನಾನಾ ಕೆಲಸಕ್ಕೆ ಬರುತ್ತಾರೆ. ಜಮೀನಿನ ದಾಖಲೆ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ ಹೀಗೆ. ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಹೊಣೆಯೂ ಜಿಲ್ಲಾಧಿಕಾರಿಗಳ ಮೇಲಿದೆ. ಆಟಿಸಂ ಇರುವ ವ್ಯಕ್ತಿಗೆ 18 ವರ್ಷ ತುಂಬಿದ ಮೇಲೆ ಗಾರ್ಡಿಯನ್, ಅಂದರೆ ಕಾನೂನುಬದ್ಧ ಪಾಲಕರು ಬೇಕೇ, ಬೇಕಿದ್ದರೆ ಯಾರು ಎಂಬುದನ್ನು ತೀರ್ಮಾನಿಸುವುದು ಸ್ಥಳೀಯ ಮಟ್ಟದ ಸಮಿತಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಈ ಸಮಿತಿಯಲ್ಲಿ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಇರಲೇಬೇಕು. ಜತೆಗೆ ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನ ವ್ಯಕ್ತಿ ಇರುತ್ತಾರೆ.

ಅರ್ಜಿ ಹಾಕುವವರು ಸಾಮಾನ್ಯವಾಗಿ ಅಪ್ಪ ಅಥವಾ ಅಮ್ಮ. ವರದಿ ಕೊಡುವವರು ವೈದ್ಯರು. ಸಹಿ ಹಾಕುವವರು ಅಧಿಕಾರಿ. ಆದರೆ ಯಾರ ಬದುಕಿನ ಬಗ್ಗೆ ಈ ತೀರ್ಮಾನವೋ ಆ ವ್ಯಕ್ತಿಯ ಇಷ್ಟವೇನು ಎಂಬುದನ್ನಷ್ಟೇ ಹೇಳಲು ಆ ಕೋಣೆಯಲ್ಲಿ ಯಾರಿದ್ದಾರೆ? ಅಪ್ಪ ಅಮ್ಮನಿಗೆ ಮಗನ ಸುರಕ್ಷತೆಯ ಚಿಂತೆ, ಸಂಸ್ಥೆಗೆ ತನ್ನ ನಿಯಮಗಳ ಚಿಂತೆ, ಅಧಿಕಾರಿಗೆ ಕಡತದ ಚಿಂತೆ. ಇದ್ಯಾವುದೂ ತಪ್ಪಲ್ಲ. ಆದರೆ ಇದ್ಯಾವುದೂ ಆ ವ್ಯಕ್ತಿಯ ಮಾತೂ ಅಲ್ಲ. ಆ ಮಾತನ್ನು ಮುಟ್ಟಿಸುವ ಕೆಲಸಕ್ಕೆ ಹಲವು ದೇಶಗಳಲ್ಲಿ ಸ್ವತಂತ್ರ ಅಡ್ವೊಕೆಸಿ ಎಂಬ ಹೆಸರಿದೆ. ನಮ್ಮಲ್ಲಿ ಆ ಕುರ್ಚಿ ಬಹುತೇಕ ಖಾಲಿಯೇ ಇದೆ.

ಕರ್ನಾಟಕದ ಓದುಗರಿಗೆ ಹೈದರಾಬಾದ್ ಯಾಕೆ ಮುಖ್ಯ ಎಂದು ಕೇಳಬಹುದು. ಬೀದರ್‌ನಿಂದ ಬೆಂಗಳೂರು ಸುಮಾರು 700 ಕಿ.ಮೀ. ದೂರ, ಹೈದರಾಬಾದ್ 150 ಕಿ.ಮೀ. ಒಳಗೆ. ಬೀದರ್, ಕಲಬುರಗಿ, ರಾಯಚೂರು ಭಾಗದ ಕುಟುಂಬಗಳು ಆಸ್ಪತ್ರೆಗೆ, ಓದಿಗೆ, ಉದ್ಯೋಗಕ್ಕೆ ಇಂದಿಗೂ ಮೊದಲು ನೋಡುವುದು ಹೈದರಾಬಾದ್ ಕಡೆಗೇ. ಕಾಚಿಗುಡ, ಅಬಿಡ್ಸ್, ಕೋಠಿ ಸುತ್ತಮುತ್ತ ತಲೆಮಾರುಗಳಿಂದ ನೆಲೆಸಿದ ಕನ್ನಡ ಕುಟುಂಬಗಳೂ ಇವೆ.

ಅಡ್ವೊಕೆಸಿ ಎಂದರೆ ವಕೀಲಿಕೆಯೇ?

ಅಲ್ಲ. ಅಡ್ವೊಕೇಟ್ ಎಂದ ಕೂಡಲೇ ನಮಗೆ ಕಪ್ಪು ಕೋಟು ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಕೋರ್ಟಿನ ವಕಾಲತ್ತಿನ ಬಗ್ಗೆ ಅಲ್ಲ. ಒಬ್ಬ ವ್ಯಕ್ತಿ ತನ್ನ ಬೇಕು-ಬೇಡಗಳನ್ನು ತಾನೇ ಹೇಳಲು ನೆರವಾಗುವುದು, ಹೇಳಲು ಆಗದಿದ್ದಾಗ ಅದನ್ನು ಕಂಡುಕೊಂಡು ನಿರ್ಧಾರ ಮಾಡುವವರ ಮುಂದೆ ಇಡುವುದು ಅಡ್ವೊಕೆಸಿ. ಈ ಕೆಲಸ ಮಾಡುವವರನ್ನು ಇಲ್ಲಿ ಪ್ರತಿಪಾದಕ ಎಂದು ಕರೆಯೋಣ.

ಇದರಲ್ಲಿ ಮೂರು ಬಗೆ. ಆಟಿಸಂ ಇರುವವರು ತಮ್ಮ ಪರ ತಾವೇ ಮಾತನಾಡಿದರೆ ಅದು ಸ್ವ-ಅಡ್ವೊಕೆಸಿ. ಅಪ್ಪ ಅಮ್ಮ, ಅಣ್ಣ ತಂಗಿ ಮಾತನಾಡಿದರೆ ಕುಟುಂಬದ ಅಡ್ವೊಕೆಸಿ. ಮನೆಯವರೂ ಅಲ್ಲದ, ಶಾಲೆ, ಆಸ್ಪತ್ರೆ, ವಸತಿಗೃಹದ ಸಂಬಳ ಪಡೆಯುವವರೂ ಅಲ್ಲದ ಮೂರನೆಯವರು ಮಾತನಾಡಿದರೆ ಮಾತ್ರ ಅದು ಸ್ವತಂತ್ರ ಅಡ್ವೊಕೆಸಿ. ನಿರ್ಧಾರ ಯಾವ ಕಡೆ ಹೋದರೂ ಅವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಸ್ವತಂತ್ರ ಎಂಬ ಪದದ ಪೂರ್ತಿ ಅರ್ಥ ಇಷ್ಟೇ.

ಆ ಮೂರನೆಯವರು ಮಾಡುವುದೇನು? ಮೊದಲು ಆ ವ್ಯಕ್ತಿಯನ್ನು ಒಂದಲ್ಲ, ಹಲವು ಬಾರಿ ಭೇಟಿಯಾಗುತ್ತಾರೆ. ಮನೆಯವರು ಪಕ್ಕದಲ್ಲಿ ಇಲ್ಲದ ಹೊತ್ತು ಸಿಕ್ಕರೆ ಒಳ್ಳೆಯದು. ಆ ವ್ಯಕ್ತಿ ಹೌದು ಎನ್ನುವುದು ಹೇಗೆ, ಬೇಡ ಎನ್ನುವುದು ಹೇಗೆ ಎಂದು ಕಲಿಯುತ್ತಾರೆ. ಕೆಲವರು ಮಾತಿನಲ್ಲಿ ಹೇಳುತ್ತಾರೆ, ಕೆಲವರು ಚಿತ್ರ ತೋರಿಸುತ್ತಾರೆ, ಕೆಲವರು ಎದ್ದು ಹೊರಟುಬಿಡುತ್ತಾರೆ. ಎದ್ದು ಹೋಗುವುದೂ ಒಂದು ಉತ್ತರವೇ. ಸಭೆಗೆ ಮೊದಲು ಅಲ್ಲಿ ಏನು ನಡೆಯಲಿದೆ ಎಂದು ಫೋಟೊ, ಚಿತ್ರ, ಸರಳ ವಾಕ್ಯಗಳಲ್ಲಿ ವಿವರಿಸುತ್ತಾರೆ. ಸಭೆಯಲ್ಲಿ ತಮ್ಮ ಅಭಿಪ್ರಾಯ ಹೇಳುವುದಿಲ್ಲ, ಆ ವ್ಯಕ್ತಿಯದ್ದನ್ನು ಹೇಳುತ್ತಾರೆ, ಅದು ತಮಗೆ ಒಪ್ಪಿಗೆಯಾಗದಿದ್ದರೂ. ಯಾವ ರೀತಿಯಲ್ಲೂ ಇಷ್ಟ ತಿಳಿಯಲು ಆಗದಿದ್ದಾಗ ಪ್ರಶ್ನೆ ಕೇಳುವುದೇ ಅವರ ಕೆಲಸವಾಗುತ್ತದೆ: ಈ ಔಷಧ ಯಾಕೆ, ಈ ಕೋಣೆಗೆ ಬೀಗ ಯಾಕೆ, ಬೇರೆ ದಾರಿ ನೋಡಿದ್ದೀರಾ?

'ಸ್ವಲೀನತೆ' ಎಂಬ ಪದವೇ ಅಡ್ಡಿ

ಕನ್ನಡದಲ್ಲಿ ಆಟಿಸಂಗೆ ಸ್ವಲೀನತೆ ಎನ್ನುತ್ತೇವೆ. ತನ್ನೊಳಗೇ ಮುಳುಗಿದ ಸ್ಥಿತಿ ಎಂದು ಇದರ ಅರ್ಥ. ಇಂಗ್ಲಿಷ್ ಪದದ ಮೂಲವೂ ಗ್ರೀಕಿನ 'ತಾನು' ಎಂಬ ಶಬ್ದವೇ. ಪದ ಸುಂದರವಾಗಿದೆ, ಆದರೆ ದಾರಿ ತಪ್ಪಿಸುತ್ತದೆ. ತನ್ನೊಳಗೇ ಮುಳುಗಿದವರನ್ನು ಕೇಳುವುದೇನು ಎಂಬ ಭಾವನೆ ಪದದಲ್ಲೇ ಅಡಗಿದೆ.

ವಾಸ್ತವ ಬೇರೆ. ಆಟಿಸಂ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಭಿನ್ನತೆ. 1943ರಲ್ಲಿ ಅಮೆರಿಕದಲ್ಲಿ ಲಿಯೊ ಕ್ಯಾನರ್ 11 ಮಕ್ಕಳನ್ನು ಗಮನಿಸಿ ಇದನ್ನು ಪ್ರತ್ಯೇಕ ಸ್ಥಿತಿಯಾಗಿ ವಿವರಿಸಿದರು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಇದೇ ಬಗೆಯ ಮಕ್ಕಳ ಬಗ್ಗೆ ಬರೆದರು. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಕೆಲವರು ಎಂಜಿನಿಯರಿಂಗ್ ಓದುತ್ತಾರೆ, ಕೆಲವರಿಗೆ ದಿನವಿಡೀ ಜತೆಗೊಬ್ಬರು ಬೇಕು. ಇಬ್ಬರಿಗೂ ಇಷ್ಟಾನಿಷ್ಟಗಳಿವೆ. ಹೇಳುವ ಬಗೆ ಬೇರೆ, ಅಷ್ಟೇ.

'ನಮ್ಮ ನಂತರ ಯಾರು?' ಪ್ರಶ್ನೆಯಿಂದ ಹುಟ್ಟಿದ ವ್ಯವಸ್ಥೆ

ವಿಶೇಷ ಮಕ್ಕಳ ಪೋಷಕರ ಯಾವುದೇ ಸಭೆಗೆ ಹೋಗಿ, ಒಂದು ಪ್ರಶ್ನೆ ಬಂದೇ ಬರುತ್ತದೆ. ನಾವು ಹೋದ ಮೇಲೆ ಇವರಿಗೆ ಯಾರು? ಸ್ವತಂತ್ರ ಅಡ್ವೊಕೆಸಿ ಹುಟ್ಟಿದ್ದೂ ಇದೇ ಪ್ರಶ್ನೆಯಿಂದ. 1966ರಲ್ಲಿ ಅಮೆರಿಕದ ಒಂದು ಸಮಾವೇಶದಲ್ಲಿ ಪೋಷಕರು ಇದನ್ನು ಕೇಳಿದಾಗ ವೂಲ್ಫ್ ವುಲ್ಫೆನ್ಸ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ಅದನ್ನು ತಲೆಗೆ ಹಚ್ಚಿಕೊಂಡರು. ಸಂಬಳವಿಲ್ಲದ ಒಬ್ಬ ಸಾಮಾನ್ಯ ನಾಗರಿಕ ಒಬ್ಬ ವಿಕಲಚೇತನ ವ್ಯಕ್ತಿಯ ಜತೆ ದೀರ್ಘಕಾಲ ನಿಲ್ಲಬೇಕು, ಸಂಸ್ಥೆಯ ಹಂಗು ಅವನಿಗಿರಬಾರದು ಎಂಬ ಯೋಜನೆ ರೂಪಿಸಿದರು. ಮೊದಲ ಪ್ರಯೋಗ 1970ರಲ್ಲಿ ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದಲ್ಲಿ ಶುರುವಾಯಿತು. 1981ರಲ್ಲಿ ಬ್ರಿಟನ್‌ನಲ್ಲೂ ದೀರ್ಘಕಾಲ ಆಸ್ಪತ್ರೆಯಲ್ಲೇ ಉಳಿದುಹೋದವರಿಗಾಗಿ ಇಂಥ ಕೆಲಸ ಆರಂಭವಾಯಿತು.

ಇಂಗ್ಲೆಂಡ್ ಇದನ್ನು ಕಾನೂನಿಗೇ ಸೇರಿಸಿತು. 2005ರ ಮಾನಸಿಕ ಸಾಮರ್ಥ್ಯ ಕಾಯ್ದೆಯಡಿ, ಆಪ್ತರು ಯಾರೂ ಇಲ್ಲದ ವ್ಯಕ್ತಿಯ ಗಂಭೀರ ಚಿಕಿತ್ಸೆ ಅಥವಾ ವಾಸಸ್ಥಳ ಬದಲಾವಣೆಯಂಥ ನಿರ್ಧಾರದಲ್ಲಿ ಸ್ವತಂತ್ರ ಪ್ರತಿಪಾದಕರು ಇರಬೇಕು. 2014ರ ಕೇರ್ ಆ್ಯಕ್ಟ್ ಪ್ರಕಾರ, ತನ್ನ ಆರೈಕೆಯ ನಿರ್ಧಾರದಲ್ಲಿ ಪಾಲ್ಗೊಳ್ಳಲು ಯಾರಿಗಾದರೂ ಬಹಳ ಕಷ್ಟವಾಗುತ್ತಿದ್ದು, ನೆರವಿಗೆ ಸೂಕ್ತ ವ್ಯಕ್ತಿ ಇಲ್ಲದಿದ್ದರೆ ಸ್ಥಳೀಯಾಡಳಿತವೇ ಪ್ರತಿಪಾದಕರನ್ನು ಒದಗಿಸಬೇಕು. ಆ ವ್ಯಕ್ತಿಯ ಆರೈಕೆಗೆ ಹಣ ಪಡೆಯುವವರು ಈ ಸ್ಥಾನಕ್ಕೆ ಬರುವಂತಿಲ್ಲ.

ಹಾಗೆಂದು ಅಲ್ಲಿ ಎಲ್ಲವೂ ಸರಿಯಿತ್ತು ಎಂದುಕೊಳ್ಳಬೇಡಿ. 2011ರಲ್ಲಿ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಆಟಿಸಂ ಹಾಗೂ ಕಲಿಕಾ ನ್ಯೂನತೆ ಇದ್ದವರನ್ನು ಸಿಬ್ಬಂದಿ ಹಿಂಸಿಸುತ್ತಿದ್ದುದನ್ನು ಬಿಬಿಸಿಯ ರಹಸ್ಯ ಕ್ಯಾಮೆರಾ ಬಯಲಿಗೆಳೆಯಿತು. 11 ಮಂದಿ ತಪ್ಪಿತಸ್ಥರೆಂದು ಸಾಬೀತಾಗಿ, ಆರು ಮಂದಿ ಜೈಲು ಸೇರಿದರು. ಕಾನೂನು ಕಾಗದದಲ್ಲಿದ್ದರೂ ಹೊರಗಿನ ಕಣ್ಣು ಒಳಗೆ ತಲುಪದಿದ್ದರೆ ಹೀಗಾಗುತ್ತದೆ.

ಈ ನಡುವೆ ಆಟಿಸಂ ಇರುವವರೇ ಮಾತನಾಡತೊಡಗಿದ್ದರು. 1993ರಲ್ಲಿ ಟೊರಾಂಟೊದ ಸಮ್ಮೇಳನದಲ್ಲಿ ಜಿಮ್ ಸಿಂಕ್ಲೇರ್ ಪೋಷಕರನ್ನು ಉದ್ದೇಶಿಸಿ, ನಮಗಾಗಿ ಶೋಕಿಸಬೇಡಿ ಎಂಬ ಅರ್ಥದಲ್ಲಿ ಮಾಡಿದ ಭಾಷಣ ಇಂದಿಗೂ ಚರ್ಚೆಯಲ್ಲಿದೆ. ಆಟಿಸಂ ಇರುವವರೇ ನಡೆಸುವ ಸ್ವ-ಅಡ್ವೊಕೆಸಿ ಜಾಲ ಅಮೆರಿಕದಲ್ಲಿ 2006ರಲ್ಲಿ ಆರಂಭವಾಯಿತು.

ಭಾರತದಲ್ಲಿ ಎಲ್ಲವನ್ನೂ ಕಟ್ಟಿದ್ದು ಪೋಷಕರೇ

ನಮ್ಮಲ್ಲಿ ಕಥೆ ಬೇರೆ. ಇಲ್ಲಿ ಆಟಿಸಂ ಎಂಬ ಪದವನ್ನು ಸರ್ಕಾರದ ಕಿವಿಗೆ ಹಾಕಿದ್ದೇ ತಾಯಂದಿರು. ಮೆರಿ ಬರುವಾ ದೆಹಲಿಯಲ್ಲಿ 'ಆ್ಯಕ್ಷನ್ ಫಾರ್ ಆಟಿಸಂ' ಶುರು ಮಾಡಿದ್ದು 1991ರಲ್ಲಿ. ಪೋಷಕರ ಸಂಘಗಳ ರಾಷ್ಟ್ರೀಯ ಒಕ್ಕೂಟ 'ಪರಿವಾರ್' 1995ರಲ್ಲಿ ರೂಪುಗೊಂಡಿತು. ಅದೇ ವರ್ಷ ಬಂದ ವಿಕಲಚೇತನರ ಕಾಯ್ದೆ ಏಳು ನ್ಯೂನತೆಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಆಟಿಸಂ ಇರಲಿಲ್ಲ. ಪೋಷಕರು ಪಟ್ಟು ಬಿಡದೆ ಒತ್ತಡ ಹಾಕಿದರು, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂಗೆ ಜಾಗ ಸಿಕ್ಕಿತು. ಆದರೂ 2011ರ ಜನಗಣತಿಯಲ್ಲಿ ಆಟಿಸಂಗೆ ಪ್ರತ್ಯೇಕ ಕಾಲಂ ಇರಲಿಲ್ಲ.

ಹೈದರಾಬಾದ್‌ಗೂ ಇದರಲ್ಲಿ ಪಾಲಿದೆ. ಸಿಕಂದರಾಬಾದ್‌ನ ಮನೋವಿಕಾಸ್ ನಗರದಲ್ಲಿ 1984ರಲ್ಲಿ ಸ್ಥಾಪನೆಯಾದ, ಬೌದ್ಧಿಕ ವಿಕಲತೆಗೆ ಸಂಬಂಧಿಸಿದ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂಸ್ಥೆಯೇ ಆಟಿಸಂ ಅಳೆಯಲು ಭಾರತದ್ದೇ ಆದ ಮಾಪಕವನ್ನು ಸಿದ್ಧಪಡಿಸಿತು. 40 ಅಂಶಗಳ ಈ ಮಾಪಕ 2009ರಲ್ಲಿ ಬಿಡುಗಡೆಯಾಯಿತು. ಒಟ್ಟು ಅಂಕ 70ಕ್ಕಿಂತ ಕಡಿಮೆ ಇದ್ದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲಿದ್ದರೆ ತೀವ್ರ ಎಂದು ಪರಿಗಣಿಸುತ್ತಾರೆ. ಕರ್ನಾಟಕದ ಮಗುವಿಗೆ ಸಿಗುವ ಪ್ರಮಾಣಪತ್ರದ ಹಿಂದೆಯೂ ಇದೇ ಮಾಪಕ ಇರುವುದು ಸಾಮಾನ್ಯ.

ಮಾಪಕ ಕೊಡುವುದು ಅಂಕ. ಆ ವ್ಯಕ್ತಿಗೆ ಎಲ್ಲಿ ಇರಲು ಇಷ್ಟ, ಯಾರ ಜತೆ ಇರಲು ಇಷ್ಟ ಎಂಬುದು ಅದರಲ್ಲಿ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಸಮಸ್ಯೆ ಏನೆಂದರೆ ನಮ್ಮ ಕಚೇರಿಗಳಲ್ಲಿ ಕಡತ ಅಂಕದ ಹಾಳೆಯಲ್ಲೇ ನಿಂತುಬಿಡುತ್ತದೆ.

2016ರ ಕಾಯ್ದೆಯ ಎರಡು ಸೆಕ್ಷನ್‌ಗಳು

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಡಿಸೆಂಬರ್‌ನಲ್ಲಿ ಅಂಗೀಕಾರಗೊಂಡು 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ನ್ಯೂನತೆಗಳ ಪಟ್ಟಿ 21ಕ್ಕೆ ಏರಿತು, ಆಟಿಸಂ ಅದರಲ್ಲಿ ಸೇರಿತು. ಮೀಸಲಾತಿ, ಪ್ರಮಾಣಪತ್ರದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಸೆಕ್ಷನ್ 13 ಮತ್ತು 14ರ ಬಗ್ಗೆ ಮಾತನಾಡುವವರು ಕಡಿಮೆ. ನಿಜವಾದ ಬದಲಾವಣೆ ಇರುವುದು ಅಲ್ಲಿ.

ಸೆಕ್ಷನ್ 13ರ ಪ್ರಕಾರ ವಿಕಲಚೇತನರಿಗೆ ಎಲ್ಲರಷ್ಟೇ ಕಾನೂನು ಸಾಮರ್ಥ್ಯವಿದೆ. ಆಸ್ತಿ ಹೊಂದಬಹುದು, ಹಣಕಾಸು ವ್ಯವಹಾರ ನಡೆಸಬಹುದು. ಅದಕ್ಕೆ ನೆರವು ಬೇಕಿದ್ದರೆ ಪಡೆಯಬಹುದು. ನೆರವು ಕೊಡುವವರಿಗೂ ಆ ವ್ಯಕ್ತಿಗೂ ಯಾವುದಾದರೂ ಆಸ್ತಿ ಅಥವಾ ಹಣಕಾಸು ವ್ಯವಹಾರದಲ್ಲಿ ಹಿತಾಸಕ್ತಿಯ ಸಂಘರ್ಷ ಬಂದರೆ, ನೆರವು ಕೊಡುವವರು ಆ ವ್ಯವಹಾರದಿಂದ ದೂರ ಸರಿಯಬೇಕು. ರಕ್ತಸಂಬಂಧಿ ಎಂಬ ಒಂದೇ ಕಾರಣಕ್ಕೆ ಸಂಘರ್ಷವಿದೆ ಎಂದು ಭಾವಿಸುವಂತಿಲ್ಲ ಎಂದೂ ಕಾಯ್ದೆ ಹೇಳುತ್ತದೆ. ಇದು ಸಮತೋಲನದ ಮಾತು. ನೆರವು ಕೊಡುವವರು ಅನುಚಿತ ಪ್ರಭಾವ ಬೀರಬಾರದು, ಆ ವ್ಯಕ್ತಿಯ ಸ್ವಾಯತ್ತತೆ, ಘನತೆ, ಖಾಸಗಿತನವನ್ನು ಗೌರವಿಸಬೇಕು. ಮುಖ್ಯವಾಗಿ, ಈ ನೆರವಿನ ಏರ್ಪಾಡನ್ನು ಬದಲಿಸುವ, ಬೇಡವೆನ್ನುವ ಹಕ್ಕು ಆ ವ್ಯಕ್ತಿಗೇ ಇದೆ.

ಸೆಕ್ಷನ್ 14 'ಸೀಮಿತ ಪಾಲಕತ್ವ'ದ ಬಗ್ಗೆ. ನೆರವು ಕೊಟ್ಟರೂ ಕಾನೂನುಬದ್ಧ ನಿರ್ಧಾರ ತೆಗೆದುಕೊಳ್ಳಲು ಆಗದಿದ್ದಾಗ ಜಿಲ್ಲಾ ನ್ಯಾಯಾಲಯ ಅಥವಾ ಗೊತ್ತುಪಡಿಸಿದ ಪ್ರಾಧಿಕಾರ ಸೀಮಿತ ಪಾಲಕರನ್ನು ನೇಮಿಸಬಹುದು. ಸೀಮಿತ ಎಂದರೆ ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ನಿರ್ಧಾರಕ್ಕೆ. ಪಾಲಕರೂ ಆ ವ್ಯಕ್ತಿಯೂ ಪರಸ್ಪರ ನಂಬಿಕೆಯಿಂದ ಜತೆಯಾಗಿ ನಿರ್ಧರಿಸಬೇಕು, ಅದು ಆ ವ್ಯಕ್ತಿಯ ಇಚ್ಛೆಯಂತೆ ನಡೆಯಬೇಕು. ಬೇರೆ ಕಾನೂನುಗಳಡಿ ಈ ಹಿಂದೆ ನೇಮಕಗೊಂಡ ಪಾಲಕರೂ ಇನ್ನು ಮುಂದೆ ಸೀಮಿತ ಪಾಲಕರಾಗಿಯೇ ಕೆಲಸ ಮಾಡುತ್ತಾರೆಂದು ಪರಿಗಣಿಸಬೇಕು ಎಂಬ ಸಾಲೂ ಇದೆ.

ಇದರ ಹಿಂದೆ ಇರುವುದು ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆ. ಭಾರತ ಅದನ್ನು 2007ರ ಅಕ್ಟೋಬರ್ 1ರಂದು ಸ್ಥಿರೀಕರಿಸಿತು. ಅದರ 12ನೇ ವಿಧಿಯ ಭಾಷೆಯೇ ನಮ್ಮ ಸೆಕ್ಷನ್ 13ರಲ್ಲಿ ಕೇಳಿಸುತ್ತದೆ.

ಎಲ್ಲಾ ಸರಿ, ಆದರೆ ಒಂದು ಕೊಂಡಿ ತಪ್ಪಿದೆ. ಆ ವ್ಯಕ್ತಿಯ ಇಚ್ಛೆಯಂತೆ ನಡೆಯಬೇಕು ಎನ್ನುವ ಕಾಯ್ದೆ, ಆ ಇಚ್ಛೆ ಏನೆಂದು ಕಂಡುಕೊಂಡು ಹೇಳುವ ಸ್ವತಂತ್ರ ವ್ಯಕ್ತಿಯ ಹುದ್ದೆಯನ್ನು ಸೃಷ್ಟಿಸಿಲ್ಲ. ಸೆಕ್ಷನ್ 15ರಲ್ಲಿ ಕಾನೂನು ಸಾಮರ್ಥ್ಯ ಚಲಾಯಿಸಲು ನೆರವಾಗುವ ಪ್ರಾಧಿಕಾರಗಳನ್ನು ಸರ್ಕಾರ ಗೊತ್ತುಪಡಿಸಬೇಕು, ಸಂಸ್ಥೆಗಳಲ್ಲಿ ವಾಸಿಸುವವರಿಗೆ ಮತ್ತು ಹೆಚ್ಚಿನ ನೆರವು ಬೇಕಾದವರಿಗೆ ಅವು ಸೂಕ್ತ ಏರ್ಪಾಡು ಮಾಡಬೇಕು ಎಂದಿದೆ. ಇಂಗ್ಲೆಂಡಿನಂತೆ ಹಿತಾಸಕ್ತಿಯಿಲ್ಲದ ಮೂರನೆಯವರೇ ಬೇಕೆಂಬ ಷರತ್ತು ಅಲ್ಲಿಲ್ಲ.

ಬ್ಯಾಂಕ್ ಕೌಂಟರ್‌ನಲ್ಲಿ ಶುರುವಾಗುವ ಪಾಲಕತ್ವ

ಪಾಲಕತ್ವದ ಅರ್ಜಿ ಎಷ್ಟೋ ಬಾರಿ ಹುಟ್ಟುವುದು ಮನೆಯಲ್ಲಿ ಅಲ್ಲ, ಬ್ಯಾಂಕಿನಲ್ಲಿ. 18 ತುಂಬಿದ ಮಗನ ಹೆಸರಲ್ಲಿ ಖಾತೆ ತೆರೆಯಲು ಹೋದರೆ ಗಾರ್ಡಿಯನ್ ಪ್ರಮಾಣಪತ್ರ ಕೇಳುತ್ತಾರೆ. ಸ್ಥಳೀಯ ಮಟ್ಟದ ಸಮಿತಿ ಕೊಟ್ಟ ಪ್ರಮಾಣಪತ್ರವನ್ನು ಬ್ಯಾಂಕ್‌ಗಳು ಮಾನ್ಯ ಮಾಡಬಹುದು ಎಂದು ರಿಸರ್ವ್ ಬ್ಯಾಂಕ್ 2007ರಲ್ಲಿ ತಿಳಿಸಿತ್ತು. ಪೋಷಕರಿಗೆ ಅನುಕೂಲವಾಗಲಿ ಎಂದು ಬಂದ ಸೂಚನೆ ಅದು. ಆದರೆ ಎಲ್ಲ ಆಟಿಸಂ ಖಾತೆಗೂ ಇದು ಬೇಕೇ ಬೇಕು ಎಂಬ ರೂಢಿ ಬೆಳೆಯಿತು. ಸಹಿ ಹಾಕಲು, ಹಣ ಎಣಿಸಲು ಬರುವ ಯುವಕನಿಗೂ ಬರೀ ಪಾಸ್‌ಬುಕ್‌ಗಾಗಿ ಪಾಲಕರನ್ನು ನೇಮಿಸುವುದು ಕಾಯ್ದೆಯ ಆಶಯಕ್ಕೆ ವಿರುದ್ಧ. ಒಂದು ಖಾತೆ ತೆರೆಯುವ ನಿರ್ಧಾರಕ್ಕೆ ನೆರವು ಬೇಕೇ, ಪಾಲಕತ್ವ ಬೇಕೇ ಎಂದು ಮೊದಲು ಕೇಳಬೇಕಾದದ್ದು ಬ್ಯಾಂಕ್ ಮ್ಯಾನೇಜರ್. ಕೇಳದಿದ್ದರೆ ನೆನಪಿಸಲು ಪಕ್ಕದಲ್ಲಿ ಒಬ್ಬರಿರಬೇಕು.

ಪಾಲಕತ್ವ ಬೇಕೇಬೇಕು ಎಂಬ ಸಂದರ್ಭಗಳೂ ಇವೆ. ಶಸ್ತ್ರಚಿಕಿತ್ಸೆ, ಆಸ್ತಿ ವಿಭಾಗ, ತಂದೆಯ ಕುಟುಂಬ ಪಿಂಚಣಿ ಇಂಥವು. ಆಗ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಇನ್ನೊಂದು ಷರತ್ತು ತಿಳಿದಿರಲಿ. ನೇಮಕಗೊಂಡ ಆರು ತಿಂಗಳೊಳಗೆ ಪಾಲಕರು ಆ ವ್ಯಕ್ತಿಯ ಸ್ಥಿರಾಸ್ತಿ, ಚರಾಸ್ತಿಗಳ ಪಟ್ಟಿ ಕೊಡಬೇಕು. ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಆಸ್ತಿ ದುರ್ಬಳಕೆ ಅಥವಾ ನಿರ್ಲಕ್ಷ್ಯ ಕಂಡರೆ ಪಾಲಕರನ್ನು ತೆಗೆದುಹಾಕಲು ಅವಕಾಶವಿದೆ. ಆದರೆ ಲೆಕ್ಕ ಕೊಟ್ಟಿಲ್ಲವೆಂದು ದೂರುವವರು ಯಾರು? ಆ ವ್ಯಕ್ತಿಯಂತೂ ಕಚೇರಿಗೆ ಬಸ್ ಹತ್ತಿ ಬರಲಾರ. ಸುತ್ತಿ ಬಳಸಿ ಮತ್ತೆ ಅದೇ ಖಾಲಿ ಕುರ್ಚಿ.

ಮಾತು ಬಾರದವರ ಮಾತು

ಮಾತೇ ಬಾರದವರ ಇಚ್ಛೆ ತಿಳಿಯುವುದು ಹೇಗೆ? ಇದಕ್ಕೆ ಉತ್ತರವಾಗಿ ಕರ್ನಾಟಕದ ಒಂದು ಉದಾಹರಣೆಯನ್ನು ಜಗತ್ತು ನೆನೆಯುತ್ತದೆ. ಟಿಟೊ ರಾಜರ್ಷಿ ಮುಖೋಪಾಧ್ಯಾಯ ಬಾಲ್ಯ ಕಳೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ಹೆಚ್ಚು ಮಾತನಾಡಲಾಗದ ಈ ಹುಡುಗ ಬರೆದದ್ದನ್ನು 2000ದಲ್ಲಿ ಬ್ರಿಟನ್‌ನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಪುಸ್ತಕವಾಗಿ ತಂದಿತು. ಆಗ ಟಿಟೊಗೆ ಹನ್ನೊಂದರ ಆಸುಪಾಸಿನ ವಯಸ್ಸು. ಹೊರಗಿನಿಂದ ನೋಡಿದವರಿಗೆ ಏನೂ ಅರ್ಥವಾಗದ ಹುಡುಗ ಎನ್ನಿಸುತ್ತಿದ್ದವನ ಒಳಗೆ ಎಷ್ಟೆಲ್ಲ ನಡೆಯುತ್ತಿತ್ತು ಎಂಬುದು ಆ ಬರಹದಿಂದ ಗೊತ್ತಾಯಿತು.

ಆದರೆ ಇದೇ ವಿಷಯದಲ್ಲಿ ಎಚ್ಚರವೂ ಬೇಕು. ಟಿಟೊನ ತಾಯಿ ಸೋಮಾ ರೂಪಿಸಿದ ವಿಧಾನದ ಬಗ್ಗೆ ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಆಕ್ಷೇಪ ಎತ್ತಿತು. ಇನ್ನೊಬ್ಬರು ಕೈ ಹಿಡಿದು ಟೈಪ್ ಮಾಡಿಸುವ ಬೇರೊಂದು ವಿಧಾನವನ್ನು ಪರೀಕ್ಷೆಗೆ ಒಡ್ಡಿದಾಗ, ಬರುತ್ತಿದ್ದ ಮಾತು ಕೈ ಹಿಡಿದವರದ್ದೇ ಎಂದು ಮತ್ತೆ ಮತ್ತೆ ಕಂಡುಬಂತು. ಕೈ ಹಿಡಿದವರು ಮೋಸಗಾರರಾಗಿರಲಿಲ್ಲ, ತಾವು ಅವರ ಮಾತನ್ನೇ ಹೊರತರುತ್ತಿದ್ದೇವೆ ಎಂದು ನಂಬಿದ್ದರು. ಅಡ್ವೊಕೆಸಿಯಲ್ಲೂ ಇದೇ ಅಪಾಯ. ನನ್ನ ಮಗನಿಗೆ ಇದೇ ಇಷ್ಟ ಎಂದು ಪ್ರೀತಿಯಿಂದ ಹೇಳುವ ತಾಯಿಯ ಮಾತಿನಲ್ಲಿ ಮಗನದ್ದೆಷ್ಟು, ತಾಯಿಯದ್ದೆಷ್ಟು ಎಂದು ತಾಯಿಗೇ ತಿಳಿಯದಿರಬಹುದು. ಇನ್ನೊಂದು ಜೊತೆ ಕಣ್ಣು ಬೇಕಾಗುವುದು ಅದಕ್ಕೆ. ಹಾಗೆಯೇ ಪ್ರತಿಪಾದಕರೂ ತಮ್ಮ ಊಹೆಯನ್ನು ಒಂದೇ ಭೇಟಿಗೆ ನಂಬುವಂತಿಲ್ಲ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದಿನ, ಬೇರೆ ಬೇರೆ ರೀತಿ ಕೇಳಿ ಉತ್ತರ ಒಂದೇ ಬರುತ್ತದೆಯೇ ನೋಡಬೇಕು. ಚಿತ್ರದ ಕಾರ್ಡ್‌ಗಳು, ಚೆನ್ನೈನಲ್ಲಿ ರೂಪುಗೊಂಡ ಆವಾಜ್‌ನಂಥ ಆ್ಯಪ್‌ಗಳು ಇಲ್ಲಿ ನೆರವಿಗೆ ಬರುತ್ತವೆ.

ಹೈದರಾಬಾದ್ ವಿಮಾನ ಹತ್ತದ ಮಗು

ಮೂರನೆಯವರ ದನಿ ಏನು ಮಾಡಬಲ್ಲದು ಎನ್ನಲು 2022ರ ಒಂದು ಘಟನೆ ಸಾಕು. ಮೇ 7ರಂದು ರಾಂಚಿ ವಿಮಾನ ನಿಲ್ದಾಣದಲ್ಲಿ ಹೈದರಾಬಾದ್‌ಗೆ ಹೊರಟಿದ್ದ ಇಂಡಿಗೊ ವಿಮಾನಕ್ಕೆ ಒಬ್ಬ ವಿಶೇಷ ಚೇತನ ಮಗುವನ್ನು ಹತ್ತಿಸಿಕೊಳ್ಳಲಿಲ್ಲ. ಮಗು ಗಾಬರಿಯಲ್ಲಿದೆ, ಇತರರ ಸುರಕ್ಷತೆಗೆ ತೊಂದರೆ ಎಂಬುದು ಸಿಬ್ಬಂದಿ ಕೊಟ್ಟ ಕಾರಣ. ಅಲ್ಲಿದ್ದ ಇತರ ಪ್ರಯಾಣಿಕರು ಕುಟುಂಬದ ಪರ ನಿಂತರು. ಅವರಲ್ಲಿದ್ದ ವೈದ್ಯರು ದಾರಿಯಲ್ಲಿ ಏನಾದರೂ ಆದರೆ ನಾವಿದ್ದೇವೆ ಎಂದರು. ಆದರೂ ಫಲ ಸಿಗಲಿಲ್ಲ. ಸಹ ಪ್ರಯಾಣಿಕರೊಬ್ಬರು ಇಡೀ ಘಟನೆಯನ್ನು ಸಾಮಾಜಿಕ ಜಾಲತಾಣದಲ್ಲಿ ಬರೆದ ಮೇಲೆ ದೇಶವೇ ಮಾತನಾಡಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮೇ 28ರಂದು ಸಂಸ್ಥೆಗೆ 5 ಲಕ್ಷ ರೂ. ದಂಡ ಹಾಕಿತು. ಜುಲೈನಲ್ಲಿ ನಿಯಮವನ್ನೂ ತಿದ್ದಿತು. ಅದರಂತೆ ವಿಕಲತೆಯ ಕಾರಣಕ್ಕೆ ಪ್ರಯಾಣ ನಿರಾಕರಿಸುವಂತಿಲ್ಲ. ಹಾರಾಟದಲ್ಲಿ ಆರೋಗ್ಯ ಹದಗೆಡಬಹುದು ಎಂಬ ಅನುಮಾನವಿದ್ದರೆ ವಿಮಾನ ನಿಲ್ದಾಣದಲ್ಲೇ ವೈದ್ಯರಿಂದ ಪರೀಕ್ಷೆ ಮಾಡಿಸಿ, ಅವರ ಅಭಿಪ್ರಾಯ ಪಡೆದೇ ತೀರ್ಮಾನಿಸಬೇಕು.

ಆ ಮಗುವಿನ ಸ್ಥಿತಿಯ ವೈದ್ಯಕೀಯ ಹೆಸರು ಇಲ್ಲಿ ಮುಖ್ಯವಲ್ಲ. ಗದ್ದಲ, ಸರತಿ ಸಾಲು, ಕಣ್ಣು ಕೋರೈಸುವ ಬೆಳಕಿನಿಂದ ಕಂಗಾಲಾಗುವುದು ಆಟಿಸಂ ಇರುವ ಅನೇಕರ ನಿತ್ಯದ ಅನುಭವ. ದೂರು ನಿಂತದ್ದು ಅಪ್ಪ ಅಮ್ಮನ ಅಳಲಿನ ಮೇಲೆ ಮಾತ್ರವಲ್ಲ, ಸಂಬಂಧವೇ ಇಲ್ಲದವರ ಸಾಕ್ಷ್ಯದ ಮೇಲೆ ಎಂಬುದನ್ನು ಗಮನಿಸಬೇಕು.

ಅಬಿಡ್ಸ್‌ನಲ್ಲಿ ಭಾಷೆಯ ತೊಡಕು

ಈಗ ಅಬಿಡ್ಸ್‌ನ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ದಖನಿ ಉರ್ದು, ಥೆರಪಿ ಕೇಂದ್ರದಲ್ಲಿ ಇಂಗ್ಲಿಷ್, ಕಚೇರಿಯ ನಮೂನೆ ತೆಲುಗು ಅಥವಾ ಇಂಗ್ಲಿಷ್‌ನಲ್ಲಿ. ಹತ್ತಿಪ್ಪತ್ತು ಪದಗಳನ್ನಷ್ಟೇ ಬಳಸುವ ಮಗಳು ಆ ಪದಗಳನ್ನು ಕಲಿತದ್ದು ಅಜ್ಜಿಯ ಬಾಯಿಂದ, ಬೀದರ್ ಕನ್ನಡದಲ್ಲಿ. ಸಭೆಯಲ್ಲಿ ಅವಳು 'ಒಲ್ಲೆ' ಎಂದರೆ ಅಲ್ಲಿರುವ ಎಷ್ಟು ಜನರಿಗೆ ಅರ್ಥವಾಗುತ್ತದೆ? ತರ್ಜುಮೆ ಮಾಡುವವರು ಮತ್ತೆ ಅಪ್ಪ ಅಮ್ಮನೇ. ಅಲ್ಲಿಗೆ ಸ್ವತಂತ್ರ ದನಿಯ ಮಾತು ಮುಗಿಯಿತು. ಆದ್ದರಿಂದ ಇಂಥ ಕುಟುಂಬಕ್ಕೆ ಪ್ರತಿಪಾದಕರನ್ನು ಹುಡುಕುವಾಗ ಕಾನೂನು ಜ್ಞಾನಕ್ಕಿಂತ ಮೊದಲು ಕೇಳಬೇಕಾದದ್ದು ಮನೆಯ ಕನ್ನಡ ಗೊತ್ತೇ ಎಂದು. ನಗರದ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವದ ಜತೆಗೆ ಈ ಕೆಲಸಕ್ಕೂ ನಾಲ್ಕು ಜನರನ್ನು ಸಿದ್ಧ ಮಾಡಬಹುದು.

ಜಾಗವೂ ಅಡ್ಡಿಯೇ. ಆರನೇ ನಿಜಾಮರ ಬಳಿ ಕೆಲಸಕ್ಕಿದ್ದ ಆಲ್ಬರ್ಟ್ ಅಬಿಡ್ ಅವರ ಅಂಗಡಿಯಿಂದ ಹೆಸರು ಪಡೆದ ಈ ಪ್ರದೇಶ ಇಂದು ಹಾರ್ನ್, ಜನಜಂಗುಳಿ, ಬೀದಿ ವ್ಯಾಪಾರದ ಕೇಂದ್ರ. ಅದನ್ನೆಲ್ಲ ದಾಟಿ ಬಂದು, ಗಂಟೆಗಟ್ಟಲೆ ಕಾದು, ಅಪರಿಚಿತರ ಮುಂದೆ ಕೂತ ವ್ಯಕ್ತಿ ಕಿವಿ ಮುಚ್ಚಿಕೊಂಡರೆ 'ಸಹಕರಿಸುತ್ತಿಲ್ಲ' ಎಂದು ಬರೆದುಕೊಳ್ಳುವುದು ಸುಲಭ. ಬೆಳಗಿನ ಮೊದಲ ಸಮಯ ಕೊಡಿ, ಫ್ಯಾನಿನ ಸದ್ದಿಲ್ಲದ ಕೋಣೆ ಕೊಡಿ, ಇಲ್ಲವೇ ಸಮಿತಿಯ ಒಬ್ಬರು ಮನೆಗೇ ಹೋಗಿ ನೋಡಿ ಎಂದು ಮೊದಲೇ ಲಿಖಿತವಾಗಿ ಕೇಳಬಹುದು. 2016ರ ಕಾಯ್ದೆ ಹೇಳುವ 'ಸಮಂಜಸ ಅನುಕೂಲ' ಅಂದರೆ ಇಂಥವೇ. ಅದು ಕೃಪೆಯಲ್ಲ, ಹಕ್ಕು. ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಇದನ್ನು ವಿವರವಾಗಿ ಹೇಳಿದೆ.

ಈಗ ಇರುವ ದಾರಿಗಳು ಯಾವುವು?

ಹುದ್ದೆ ಇಲ್ಲವೆಂದು ಕೈಕಟ್ಟಿ ಕೂರಬೇಕಿಲ್ಲ. ಆಟಿಸಂ ಇರುವ ವ್ಯಕ್ತಿಯ ಮೇಲೆ ದೌರ್ಜನ್ಯ ನಡೆದಿದೆ ಅಥವಾ ನಡೆಯಬಹುದು ಎಂದು ಯಾರಿಗೇ ಅನ್ನಿಸಿದರೂ ಸೆಕ್ಷನ್ 7ರಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ಸಂಬಂಧಿಕರೇ ಆಗಬೇಕೆಂದಿಲ್ಲ, ಪಕ್ಕದ ಮನೆಯವರಾದರೂ ಸಾಕು. ಸಾರ್ವಜನಿಕವಾಗಿ ಉದ್ದೇಶಪೂರ್ವಕ ಅವಮಾನ ಮಾಡಿದರೆ ಸೆಕ್ಷನ್ 92ರಡಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ದಂಡ ಇದೆ.

ಶಾಲೆ ಸೇರಿಸಿಕೊಳ್ಳದಿದ್ದರೆ, ಇಲಾಖೆ ಸೌಲಭ್ಯ ನಿರಾಕರಿಸಿದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಅವರಿಗೆ ವಿಚಾರಣೆಯಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ಅವರ ಶಿಫಾರಸಿನ ಮೇಲೆ ಸಂಬಂಧಿಸಿದ ಪ್ರಾಧಿಕಾರ ಮೂರು ತಿಂಗಳೊಳಗೆ ಕ್ರಮ ತೆಗೆದುಕೊಂಡು ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ವಕೀಲರು ಬೇಕಿದ್ದರೆ ವಿಕಲಚೇತನರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಕೊಟ್ಟಿದೆ, ಸಹಾಯವಾಣಿ 15100.

ಪ್ರಮಾಣಪತ್ರದ ವಿಷಯದಲ್ಲಿ ಗಡಿ ಜಿಲ್ಲೆಯವರಿಗೆ ಒಂದು ಮಾತು. ವಾಸವಿರುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಇಲ್ಲವೇ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯ ಪ್ರಾಧಿಕಾರಕ್ಕೂ ಹಾಕಬಹುದು ಎಂದು 2017ರ ನಿಯಮಗಳು ಹೇಳುತ್ತವೆ. ಪಾಲಕತ್ವಕ್ಕೆ ಮಾತ್ರ ವಾಸಸ್ಥಳದ ಸಮಿತಿಯೇ. ಬೀದರ್‌ನವರು ಹೈದರಾಬಾದ್‌ನಲ್ಲಿ ಪರೀಕ್ಷೆ ಮಾಡಿಸಿದ್ದರೂ ಅರ್ಜಿ ಬೀದರ್‌ಗೇ ಹೋಗಬೇಕು.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರಲ್ಲಿ ಬಹುತೇಕರು ಸ್ವತಃ ವಿಕಲಚೇತನರು. ಪಿಂಚಣಿ, ಗುರುತಿನ ಚೀಟಿ ಕೆಲಸದಲ್ಲೇ ಇವರ ದಿನ ಕಳೆಯುತ್ತದೆ, ಗೌರವಧನವೂ ಕಡಿಮೆ. ಆದರೆ ಊರನ್ನು, ಮನೆಯನ್ನು, ಭಾಷೆಯನ್ನು ಬಲ್ಲ ಇವರಿಗೆ ಆಟಿಸಂ ಬಗ್ಗೆ ತರಬೇತಿ ಕೊಟ್ಟರೆ ಪ್ರತಿಪಾದಕರ ಕೆಲಸಕ್ಕೆ ಹೊಸ ಇಲಾಖೆಯೇ ಬೇಡ. ಅವರಿಗೆ ಸಂಬಳ ಕೊಡುವುದು ಸರ್ಕಾರವೇ ಆದ್ದರಿಂದ ಪೂರ್ಣ ಸ್ವತಂತ್ರ ಎನ್ನಲಾಗದು. ಆದರೂ ಶೂನ್ಯಕ್ಕಿಂತ ಇದು ಎಷ್ಟೋ ಮೇಲು.

ಮನೆಯಲ್ಲೇ ಮಾಡಬಹುದಾದದ್ದೂ ಇದೆ. ಮಗ ಅಥವಾ ಮಗಳಿಗೆ 15-16 ಆದಾಗಲೇ ಮನೆಯ ಹೊರಗಿನ ಒಬ್ಬರನ್ನು ಗುರುತಿಸಿಟ್ಟುಕೊಳ್ಳಿ. ಹಳೆಯ ಶಿಕ್ಷಕಿ, ನೆರೆಯವರು, ನಿವೃತ್ತ ಸಹೋದ್ಯೋಗಿ ಯಾರಾದರೂ ಆಗಬಹುದು. ಆಸ್ತಿಯಲ್ಲಿ ಪಾಲಿರುವವರು, ಥೆರಪಿ ಶುಲ್ಕ ಪಡೆಯುವವರು ಬೇಡ. ತಿಂಗಳಿಗೊಮ್ಮೆ ಅವರು ಮಗುವಿನ ಜತೆ ಒಂದು ಗಂಟೆ ಕಳೆಯಲಿ. ಇಷ್ಟವಾದದ್ದು, ಹೆದರಿಸುವಂಥದ್ದು, ಬೇಡ ಎನ್ನುವ ಬಗೆ, ನೋವಾದರೆ ತೋರಿಸುವ ಬಗೆ ಇವನ್ನು ಒಂದು ಹಾಳೆಯಲ್ಲಿ ಬರೆದಿಡಿ. ಒಂದು ಪ್ರತಿ ಮನೆಯಲ್ಲಿ, ಒಂದು ಆ ವ್ಯಕ್ತಿಯ ಬಳಿ ಇರಲಿ, ವರ್ಷಕ್ಕೊಮ್ಮೆ ತಿದ್ದಿ. ಸ್ಥಳೀಯ ಸಮಿತಿಗೆ ಅರ್ಜಿ ಹಾಕುವ ದಿನ ಆ ಹಾಳೆಯನ್ನು ಲಗತ್ತಿಸಿ, ವಿಚಾರಣೆಯ ದಿನ ಆ ವ್ಯಕ್ತಿಗೂ ಒಂದು ಕುರ್ಚಿ ಹಾಕಿಸಿ ಎಂದು ಅರ್ಜಿಯಲ್ಲೇ ಕೋರಿಕೊಳ್ಳಬಹುದು.